ಕಮಾನನ್ನು ಕೆಳಗಿಟ್ಟ ಕಲಾವಿದ

ಓದುಗರೇ, ಸಂಗೀತಗಾರರೊಬ್ಬರ ಜೀವನಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವರು ಯಾವ ಯಾವ ನಗರಗಳಲ್ಲಿ ನುಡಿಸಿದರು, ಯಾವ ದೊರೆಗಳ ಸಮ್ಮುಖದಲ್ಲಿ ನುಡಿಸಿದರು, ಎಂತಹ ಬಿರುದುಗಳನ್ನು ಪಡೆದರು ಎಂಬುದನ್ನು ಸಾಲಾಗಿ ನಿರೂಪಿಸುತ್ತಾರೆ. ಸ್ಪೇನ್ ದೇಶದ ಕತಲೋನಿಯಾ ಪ್ರಾಂತ್ಯದಲ್ಲಿ ಹುಟ್ಟಿದ ಪೌ ಕಸಾಲ್ಸ್ ಅವರ ವಿಷಯದಲ್ಲಿ ಅಷ್ಟು ಮಾತ್ರ ಸಾಲದು. ಅವರು ಎಲ್ಲಿ ನುಡಿಸಲಿಲ್ಲ, ಏಕೆ ನುಡಿಸಲಿಲ್ಲ ಎಂಬುದನ್ನೂ ನಾವು ಕೇಳಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ಚೆಲ್ಲೋ ವಾದಕರೆಂದು ಲೋಕವೇ ಒಪ್ಪಿದ್ದ ಈ ಕಲಾವಿದರು, ದೊಡ್ಡ ದೊಡ್ಡ ನಗರಗಳು ಅವರಿಗಾಗಿ ಬಾಗಿಲು ತೆರೆದು ಕಾಯುತ್ತಿದ್ದಾಗಲೇ ವೇದಿಕೆಯಿಂದ ಕೆಳಗಿಳಿದು, ಬೆಟ್ಟದ ತಪ್ಪಲಿನ ಒಂದು ಪುಟ್ಟ ಊರಿನಲ್ಲಿ ಮೌನವಾಗಿ ಉಳಿದುಬಿಟ್ಟರು. ಆ ಮೌನಕ್ಕೆ ಅರ್ಥವಿತ್ತೇ? ಅದರಿಂದ ಯಾರಿಗಾದರೂ ಪ್ರಯೋಜನವಾಯಿತೇ? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಬದುಕಿನತ್ತ ಒಮ್ಮೆ ನೋಡೋಣ.

ಚೆಲ್ಲೋ ಎಂಬುದು ನಾವೆಲ್ಲ ಬಲ್ಲ ಪಿಟೀಲಿನ ದೊಡ್ಡಣ್ಣ. ಪಿಟೀಲನ್ನು ಭುಜಕ್ಕೆ ಆನಿಸಿ ನುಡಿಸಿದರೆ, ಇದನ್ನು ಕುರ್ಚಿಯ ಮೇಲೆ ಕುಳಿತು, ನೆಲಕ್ಕೆ ಊರಿ, ಮೊಣಕಾಲುಗಳ ನಡುವೆ ಹಿಡಿದು, ಕಮಾನಿನಿಂದ ಮೀಟುತ್ತಾರೆ. ಅದರ ನಾದ ಗಂಭೀರವಾದುದು. ಮನುಷ್ಯನ ಕಂಠಕ್ಕೆ ಬಹಳ ಹತ್ತಿರವಾದುದು. ಕಸಾಲ್ಸ್ ಈ ವಾದ್ಯದ ವಾದಕರಷ್ಟೇ ಅಲ್ಲ, ವಾದ್ಯವೃಂದದ ನಿರ್ದೇಶಕರೂ ಆಗಿದ್ದರು. ತನ್ನ ಕೈಯಲ್ಲಿ ಯಾವ ವಾದ್ಯವೂ ಇಲ್ಲದೆ, ಒಂದು ಸಣ್ಣ ಕೋಲಿನ ಸನ್ನೆಯಿಂದ ಹತ್ತಾರು ಜನರನ್ನು ಒಂದೇ ಉಸಿರಿಗೆ ತರುವ ಕೆಲಸ ಅದು. ಅವರ ಬದುಕಿನಲ್ಲಿ ಈ ಎರಡೂ ಕೆಲಸಗಳು ಹೇಗೆ ಒಂದಕ್ಕೊಂದು ಆಸರೆಯಾದವು ಎಂಬುದನ್ನು ಮುಂದೆ ಕಾಣುವಿರಿ.

ಆರ್ಗನ್ನಿನ ಪಕ್ಕದ ಬಾಲ್ಯ

ಕಸಾಲ್ಸ್ ಹುಟ್ಟಿದ್ದು 1876ರ ಡಿಸೆಂಬರ್ 29ರಂದು, ಮೆಡಿಟರೇನಿಯನ್ ಕಡಲಿಗೆ ಸಮೀಪದ ಎಲ್ ವೆಂದ್ರೆಲ್ ಎಂಬ ಊರಿನಲ್ಲಿ. ಸ್ಪ್ಯಾನಿಷ್ ಭಾಷೆಯಲ್ಲಿ ಅವರನ್ನು ಪಾಬ್ಲೋ ಎಂದು ಕರೆಯುವುದುಂಟು. ಅವರ ತಾಯ್ನುಡಿಯಾದ ಕತಲಾನ್‌ನಲ್ಲಿ ಆ ಹೆಸರು ಪೌ. ಅದು ಪೌಲನೆಂಬ ಹೆಸರಿನ ರೂಪ. ಅದೇ ಪದಕ್ಕೆ ಆ ಭಾಷೆಯಲ್ಲಿ ಶಾಂತಿ ಎಂಬ ಅರ್ಥವೂ ಇದೆ.

ತಂದೆ ಕಾರ್ಲೆಸ್ ಕಸಾಲ್ಸ್ ಆ ಊರಿನ ಧರ್ಮಕೇಂದ್ರದ ಆರ್ಗನ್ ವಾದಕರು, ಗಾನವೃಂದದ ಗುರುಗಳು. ಸಂಪಾದನೆ ಅಷ್ಟಕ್ಕಷ್ಟೆ. ತಾಯಿ ಪಿಲಾರ್ ಹುಟ್ಟಿದ್ದು ದೂರದ ಪೋರ್ಟೊ ರಿಕೊ ದ್ವೀಪದಲ್ಲಿ, ಅಲ್ಲಿಗೆ ವಲಸೆ ಹೋಗಿದ್ದ ಕತಲಾನ್ ಕುಟುಂಬದಲ್ಲಿ. ಆಕೆ ಹೆತ್ತ ಹನ್ನೊಂದು ಮಕ್ಕಳಲ್ಲಿ ಹೆಚ್ಚಿನವರು ಎಳವೆಯಲ್ಲೇ ತೀರಿಕೊಂಡರು. ಪುಟ್ಟ ಪೌ ಐದರ ವಯಸ್ಸಿಗೇ ಚರ್ಚಿನ ಗಾನವೃಂದದಲ್ಲಿ ಹಾಡತೊಡಗಿದ. ಕಾಲುಗಳು ಆರ್ಗನ್ನಿನ ಪೆಡಲುಗಳಿಗೆ ನಿಲುಕುವಷ್ಟು ಬೆಳೆದ ಮೇಲೆ ತಂದೆ ಅವನಿಗೆ ಆ ವಾದ್ಯವನ್ನೂ ಕಲಿಸಿದರು. ಕ್ರಿಸ್ಮಸ್ ಸಮಯದಲ್ಲಿ ಊರವರು ಆಡುತ್ತಿದ್ದ ಕುರುಬರ ನಾಟಕಕ್ಕೆ ತಂದೆ ಮಗ ಇಬ್ಬರೂ ಕೂಡಿ ಸಂಗೀತ ಹೊಂದಿಸಿದ್ದರು. ಗೋದಲಿಯ ಮುಂದಿನ ಆ ಹಾಡುಗಳು ಮುಂದೆ ಎಂಬತ್ತು ವರ್ಷಗಳ ಕಾಲ ಅವರನ್ನು ಬಿಡಲಿಲ್ಲ.

1888ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಊರಿಗೆ ಬಂದ ಕಲಾವಿದರ ತಂಡವೊಂದರಲ್ಲಿ ಪೌ ಮೊದಲ ಬಾರಿಗೆ ಚೆಲ್ಲೋ ನಾದವನ್ನು ಕೇಳಿದ. ಅಂದಿನಿಂದ ಅವನಿಗೆ ಬೇರೊಂದು ವಾದ್ಯ ಬೇಡವಾಯಿತು. ಸಂಗೀತದಿಂದ ಹೊಟ್ಟೆ ತುಂಬದೆಂಬುದನ್ನು ಸ್ವಂತ ಅನುಭವದಿಂದ ಬಲ್ಲ ತಂದೆ, ಮಗನನ್ನು ಬಡಗಿಯ ಬಳಿ ಕೆಲಸ ಕಲಿಯಲು ಬಿಡುವ ಯೋಚನೆಯಲ್ಲಿದ್ದರು. ತಾಯಿ ಒಪ್ಪಲಿಲ್ಲ. ಮಗನ ಕೈಹಿಡಿದು ಬಾರ್ಸಿಲೋನಾ ನಗರಕ್ಕೆ ಕರೆತಂದು ಅಲ್ಲಿನ ಪುರಸಭೆಯ ಸಂಗೀತ ಶಾಲೆಗೆ ಸೇರಿಸಿದರು. ಹಗಲು ಶಾಲೆ, ಸಂಜೆ ಒಂದು ಕಾಫಿ ಹೋಟೆಲಿನಲ್ಲಿ ವಾದನ: ಹೀಗೆ ಹುಡುಗನ ಶಿಕ್ಷಣ ಸಾಗಿತು.

ಈ ತಾಯಿಯ ವಿಷಯವಾಗಿ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಮುಂದೆ ಕಿರಿಯ ಮಗ ಎನ್ರಿಕ್‌ಗೆ ಸೈನ್ಯದಿಂದ ಕಡ್ಡಾಯ ಕರೆ ಬಂದಾಗ ಆಕೆ ಅವನನ್ನು ಕುಳ್ಳಿರಿಸಿಕೊಂಡು, ನೀನು ಯಾರನ್ನೂ ಕೊಲ್ಲಬೇಕಾಗಿಲ್ಲ, ಯಾರಿಂದಲೂ ಕೊಲ್ಲಲ್ಪಡಬೇಕಾಗಿಯೂ ಇಲ್ಲ, ದೇಶ ಬಿಟ್ಟು ಹೊರಡು ಎಂಬ ಅರ್ಥದ ಮಾತು ಹೇಳಿ ಅರ್ಜೆಂಟೀನಾಕ್ಕೆ ಕಳುಹಿಸಿದರಂತೆ. ತಮ್ಮ ಬದುಕಿನ ಕಷ್ಟದ ಗಳಿಗೆಗಳಲ್ಲೆಲ್ಲ ಕಸಾಲ್ಸ್ ತಾಯಿಯ ಈ ನಿಲುವನ್ನು ನೆನೆಯುತ್ತಿದ್ದರು. ಆತ್ಮಸಾಕ್ಷಿಯ ಮೊದಲ ಪಾಠ ಅವರಿಗೆ ದೊರೆತದ್ದು ಅಡುಗೆಮನೆಯ ಆ ತಾಯಿಯಿಂದಲೇ ಎನ್ನಬಹುದು.

ಹಳೆಯ ಕಾಗದದ ಕಟ್ಟು

1890ರಲ್ಲಿ, ಹದಿಮೂರು ವಯಸ್ಸಿನ ಪೌ ತಂದೆಯೊಡನೆ ಬಾರ್ಸಿಲೋನಾ ಬಂದರಿನ ಬಳಿಯ ಒಂದು ಹಳೆಯ ಅಂಗಡಿಯಲ್ಲಿ ಸಂಗೀತದ ಹಾಳೆಗಳನ್ನು ಹುಡುಕುತ್ತಿದ್ದಾಗ, ಯೊಹಾನ್ ಸೆಬಾಸ್ಟಿಯನ್ ಬಾಖ್ ಅವರು ಒಂಟಿ ಚೆಲ್ಲೋಗಾಗಿ ರಚಿಸಿದ ಆರು ಕೃತಿಮಾಲೆಗಳ ಪ್ರತಿ ಕೈಗೆ ಸಿಕ್ಕಿತು. ಬಾಖ್ ಅವುಗಳನ್ನು ಬರೆದು ಆಗಲೇ ನೂರೆಪ್ಪತ್ತು ವರ್ಷಗಳಾಗಿದ್ದವು. ಪಂಡಿತರು ಅವುಗಳನ್ನು ಒಣ ಅಭ್ಯಾಸಪಾಠಗಳೆಂದು ತಿಳಿದಿದ್ದರು. ಅಲ್ಲೊಂದು ಇಲ್ಲೊಂದು ಭಾಗವನ್ನು ನುಡಿಸುವುದಿತ್ತೇ ಹೊರತು, ಒಂದನ್ನು ಆದಿಯಿಂದ ಅಂತ್ಯದವರೆಗೆ ಸಭೆಯಲ್ಲಿ ನುಡಿಸುವ ವಾಡಿಕೆ ಇರಲಿಲ್ಲ. ಹುಡುಗ ಆ ಕಟ್ಟನ್ನು ಮನೆಗೆ ತಂದು ಅಭ್ಯಾಸಕ್ಕೆ ಕುಳಿತ. ಅವುಗಳಲ್ಲೊಂದನ್ನು ಪೂರ್ಣವಾಗಿ ಸಭೆಯ ಮುಂದೆ ನುಡಿಸುವ ಧೈರ್ಯ ಮಾಡಿದ್ದು ಹನ್ನೆರಡು ವರ್ಷಗಳ ನಂತರ. ಓದುಗರೇ, ಇಂದು ಹಾಡಿದ್ದನ್ನು ಇಂದೇ ಲೋಕಕ್ಕೆ ತೋರಿಸುವ ಆತುರದ ಈ ಕಾಲದಲ್ಲಿ ಆ ಹನ್ನೆರಡು ವರ್ಷಗಳನ್ನು ಒಮ್ಮೆ ಎಣಿಸಿ ನೋಡಿ.

ವಾದನದ ಕ್ರಮದಲ್ಲಿಯೂ ಅವರು ಹೊಸ ದಾರಿ ತುಳಿದರು. ಬಲಗೈಯ ಮೊಣಕೈ ಅಲುಗದಂತೆ ಕಂಕುಳಲ್ಲಿ ಪುಸ್ತಕವೊಂದನ್ನು ಇರುಕಿಕೊಂಡು ಅಭ್ಯಾಸ ಮಾಡಬೇಕೆಂಬುದು ಆಗಿನ ಶಾಲೆಗಳ ನಿಯಮವಾಗಿತ್ತು. ಹುಡುಗ ಕಸಾಲ್ಸ್ ತೋಳನ್ನು ಬಂಧನದಿಂದ ಬಿಡಿಸಿದ. ಎಡಗೈಯ ಬೆರಳುಗಳನ್ನು ಅಗಲಿಸಿ, ಕೈಯನ್ನು ಪದೇ ಪದೇ ಜಾರಿಸದೆ ಸ್ವರಗಳನ್ನು ಹಿಡಿಯುವ ಕ್ರಮವನ್ನು ರೂಢಿಸಿಕೊಂಡ. ಇಂದು ಜಗತ್ತಿನ ಚೆಲ್ಲೋ ವಾದಕರು ಸಹಜವೆಂದು ತಿಳಿದು ಮಾಡುವ ಎಷ್ಟೋ ಸಂಗತಿಗಳು ಆ ಹುಡುಗನ ಹಟದಿಂದ ಬಂದವು.

ಸಂಯೋಜಕ ಇಸಾಕ್ ಆಲ್ಬೆನಿಸ್ ಹೋಟೆಲಿನಲ್ಲಿ ಅವನ ವಾದನವನ್ನು ಕೇಳಿ, ಮ್ಯಾಡ್ರಿಡ್ ನಗರದ ಕೌಂಟ್ ಮೊರ್ಫಿ ಅವರಿಗೆ ಪರಿಚಯಪತ್ರ ಬರೆದುಕೊಟ್ಟರು. ಅದರ ಫಲವಾಗಿ ರಾಜಪ್ರತಿನಿಧಿಯಾಗಿದ್ದ ರಾಣಿ ಮರಿಯಾ ಕ್ರಿಸ್ತಿನಾ ವಿದ್ಯಾರ್ಥಿವೇತನ ನೀಡಿದರು. 1895ರಲ್ಲಿ ಬ್ರಸೆಲ್ಸ್ ನಗರಕ್ಕೆ ಹೋದ ತರುಣ ಅಲ್ಲಿ ಅಪಹಾಸ್ಯಕ್ಕೆ ಗುರಿಯಾಗಿ ಹೊರನಡೆದ, ವೇತನ ನಿಂತಿತು. ಪ್ಯಾರಿಸ್ ನಗರದ ಒಂದು ನಾಟಕಶಾಲೆಯಲ್ಲಿ ಅಲ್ಪ ಸಂಬಳಕ್ಕೆ ನುಡಿಸುತ್ತ ಹಸಿವಿನ ದಿನಗಳನ್ನು ಕಳೆದು ಬಾರ್ಸಿಲೋನಾಕ್ಕೆ ಮರಳಬೇಕಾಯಿತು. ಆದರೆ 1899ರಲ್ಲಿ ಬಾಗಿಲು ತೆರೆಯಿತು. ಆ ವರ್ಷ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ, ಪ್ಯಾರಿಸ್‌ನಲ್ಲಿ ಲಾಮುರೋ ವಾದ್ಯವೃಂದದೊಡನೆ ನುಡಿಸಿದ ಬಳಿಕ ಕಸಾಲ್ಸ್ ಅವರ ಹೆಸರು ಯುರೋಪಿನಲ್ಲೆಲ್ಲ ಹಬ್ಬಿತು. 1904ರ ಜನವರಿಯಲ್ಲಿ ಅಮೆರಿಕದ ಶ್ವೇತಭವನದಲ್ಲಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರ ಮುಂದೆಯೂ ನುಡಿಸಿದರು. ಪಿಯಾನೋ ವಾದಕ ಆಲ್ಫ್ರೆಡ್ ಕೊರ್ತೊ ಮತ್ತು ಪಿಟೀಲು ವಾದಕ ಜಾಕ್ ತಿಬೋ ಅವರೊಡನೆ ಅವರು ಕಟ್ಟಿದ ಮೂವರ ತಂಡ ಸಂಗೀತಪ್ರಿಯರಲ್ಲಿ ಮನೆಮಾತಾಯಿತು. ಈ ಕೊರ್ತೊ ಅವರ ಹೆಸರನ್ನು ನೆನಪಿನಲ್ಲಿಡಿ, ಮತ್ತೆ ಬರಲಿದೆ.

ದುಡಿಯುವವರ ಭಾನುವಾರ

ಒಬ್ಬ ವಾದಕನಿಗೆ ಇಷ್ಟು ಸಾಕಾಗಬಹುದಿತ್ತು. ಕಸಾಲ್ಸ್ ಅವರಿಗೆ ಸಾಕೆನಿಸಲಿಲ್ಲ. ತಾವು ದೇಶದೇಶಗಳಲ್ಲಿ ಕೇಳಿದ ವಾದ್ಯವೃಂದಗಳಂತಹದು ತಮ್ಮ ಜನರಿಗೂ ಇರಬೇಕೆಂದು ಅವರು ಬಾರ್ಸಿಲೋನಾದಲ್ಲಿ ಸ್ವಂತ ವಾದ್ಯವೃಂದವನ್ನು ಕಟ್ಟಿದರು. ಅದರ ಮೊದಲ ಕಛೇರಿ ನಡೆದದ್ದು 1920ರ ಅಕ್ಟೋಬರ್ 13ರಂದು. ವಾದಕರಿಗೆ ಬದುಕಲು ಸಾಲುವಷ್ಟು ಸಂಬಳ ಕೊಡಬೇಕೆಂಬುದು ಅವರ ಹಟ. ಕೊರತೆ ಬಿದ್ದ ಹಣವನ್ನು ವರ್ಷಗಟ್ಟಲೆ ತಮ್ಮ ವಾದನದ ಗಳಿಕೆಯಿಂದಲೇ ತುಂಬಿದರು. ಹೊರನಾಡುಗಳಲ್ಲಿ ಚೆಲ್ಲೋ ಗಳಿಸಿತು, ತವರಿನಲ್ಲಿ ನಿರ್ದೇಶಕನ ಕೋಲು ಖರ್ಚು ಮಾಡಿತು.

ಆದರೆ ಸಭಾಂಗಣದಲ್ಲಿ ಕುಳಿತವರು ಯಾರು? ಟಿಕೇಟು ಕೊಳ್ಳಬಲ್ಲ ಸ್ಥಿತಿವಂತರು. ನೇಯ್ಗೆ ಗಿರಣಿಗಳಲ್ಲಿ, ಬಂದರಿನಲ್ಲಿ, ಅಂಗಡಿಗಳಲ್ಲಿ ದುಡಿಯುವವರು ಹೊರಗೇ ಉಳಿದರು. ಇದನ್ನು ಸಹಿಸದ ಕಸಾಲ್ಸ್ 1926ರಲ್ಲಿ ಕಾರ್ಮಿಕರ ಸಂಗೀತ ಸಂಘವೊಂದರ ಹುಟ್ಟಿಗೆ ಕಾರಣರಾದರು. ತಿಂಗಳಿಗೆ 500 ಪೆಸೆಟಾಗಿಂತ ಕಡಿಮೆ ಗಳಿಸುವವರಿಗೆ ಮಾತ್ರ ಅದರಲ್ಲಿ ಸದಸ್ಯತ್ವ, ಚಂದಾ ಅತ್ಯಲ್ಪ. ಭಾನುವಾರದ ಬೆಳಗಿನಲ್ಲಿ ಅದೇ ವಾದ್ಯವೃಂದ, ಅದೇ ಶ್ರದ್ಧೆಯಿಂದ, ಅವರಿಗಾಗಿ ನುಡಿಸುತ್ತಿತ್ತು. ಇದನ್ನು ದಾನವೆಂದು ತಿಳಿಯಬಾರದು. ಸಂಘವನ್ನು ಕಾರ್ಮಿಕರೇ ನಡೆಸಿದರು. ತಮ್ಮದೇ ಸಂಗೀತ ಪತ್ರಿಕೆಯನ್ನೂ ಹೊರತಂದರು. ಒಳ್ಳೆಯದರಲ್ಲಿ ಬಡವನಿಗೂ ಪಾಲಿದೆ, ಎಂಜಲಿನ ಪಾಲಲ್ಲ, ಮೊದಲ ಪಂಕ್ತಿಯ ಪಾಲು ಎಂಬ ನಂಬಿಕೆ ಅದರ ಹಿಂದಿತ್ತು.

ಈ ವರ್ಷಗಳಲ್ಲಿಯೇ ಕಸಾಲ್ಸ್ ಮೊಂಸೆರಾಟ್ ಬೆಟ್ಟದ ಮೇಲಿನ ಬೆನೆಡಿಕ್ಟಿನ್ ಮಠದೊಡನೆಯೂ ನಿಕಟರಾಗಿದ್ದರು. ಆ ಮಠದ ಬಾಲಕರ ಗಾನವೃಂದ ಶತಮಾನಗಳಷ್ಟು ಹಳೆಯದು. ಅವರಿಗಾಗಿ ಕಸಾಲ್ಸ್ ಭಕ್ತಿಗೀತೆಗಳಿಗೆ ಸಂಗೀತ ಸಂಯೋಜಿಸಿಕೊಟ್ಟರು. ಪವಿತ್ರ ವಾರದ ಶೋಕಗೀತೆಗೆ ಅವರು 1932ರಲ್ಲಿ ಹೊಂದಿಸಿದ ಸಂಗೀತವನ್ನು ಇಂದಿಗೂ ಅನೇಕ ದೇಶಗಳ ಗಾನವೃಂದಗಳು ಹಾಡುತ್ತವೆ.

ಕೊನೆಯವರೆಗೂ ಹಾಡೋಣ

1931ರಲ್ಲಿ ಸ್ಪೇನ್ ಗಣರಾಜ್ಯವಾದಾಗ ಬಾರ್ಸಿಲೋನಾದ ಸಂಭ್ರಮದಲ್ಲಿ ಕಸಾಲ್ಸ್ ಬೇಥೋವನ್ನರ ಒಂಬತ್ತನೆಯ ಸಿಂಫನಿಯನ್ನು ನಿರ್ದೇಶಿಸಿದರು. ಮನುಷ್ಯರೆಲ್ಲ ಸಹೋದರರಾಗಲೆಂದು ಹಾರೈಸುವ ಕೃತಿಯದು. ಐದು ವರ್ಷಗಳ ನಂತರ, 1936ರ ಜುಲೈ 18ರ ಸಂಜೆ, ಅದೇ ಕೃತಿಯ ತಾಲೀಮು ನಡೆದಿತ್ತು. ಮರುದಿನ ನಗರದಲ್ಲಿ ಕ್ರೀಡಾಕೂಟವೊಂದು ಆರಂಭವಾಗಬೇಕಿತ್ತು. ತಾಲೀಮಿನ ನಡುವೆ ಸರ್ಕಾರದಿಂದ ತುರ್ತು ಸಂದೇಶ ಬಂತು: ಸೇನೆ ದಂಗೆ ಎದ್ದಿದೆ, ಕಾರ್ಯಕ್ರಮ ರದ್ದಾಗಿದೆ, ಎಲ್ಲರೂ ಮನೆಗೆ ತೆರಳಿ. ಕಸಾಲ್ಸ್ ವಾದಕರಿಗೂ ಗಾಯಕರಿಗೂ ವಿಷಯ ತಿಳಿಸಿ, ನಾವು ಮತ್ತೆ ಯಾವಾಗ ಸೇರುವೆವೋ ತಿಳಿಯದು, ಅಗಲುವ ಮೊದಲು ಈ ಕೃತಿಯನ್ನು ಮುಗಿಸೋಣವೇ ಎಂದು ಕೇಳಿದರು. ಎಲ್ಲರೂ ಒಪ್ಪಿದರು. ಸಹೋದರತ್ವದ ಆ ಗಾನವನ್ನು ಕೊನೆಯವರೆಗೂ ಹಾಡಿ ಅವರು ಮನೆಗಳಿಗೆ ಚದುರಿದರು. ಮರುದಿನ ಬೆಳಗ್ಗೆ ಬೀದಿಗಳಲ್ಲಿ ಗುಂಡಿನ ಸದ್ದು ಮೊಳಗಿತು.

ಮುಂದಿನ ಮೂರು ವರ್ಷಗಳ ಅಂತರ್ಯುದ್ಧದ ಕಥೆ ನಮ್ಮ ಧರ್ಮಸಭೆಗೂ ನೋವಿನ ಕಥೆ. ಅದನ್ನು ಮುಚ್ಚಿಟ್ಟು ಮುಂದೆ ಸಾಗಲಾಗದು. ಗಣರಾಜ್ಯದ ಹಿಡಿತದಲ್ಲಿದ್ದ ಪ್ರದೇಶಗಳಲ್ಲಿ, ಅದರಲ್ಲೂ ಕತಲೋನಿಯಾದಲ್ಲಿ, ಉಗ್ರವಾದಿಗಳು ದೇವಾಲಯಗಳನ್ನು ಸುಟ್ಟರು. ಸ್ಪೇನಿನಾದ್ಯಂತ 6,800ಕ್ಕೂ ಹೆಚ್ಚು ಧರ್ಮಾಧ್ಯಕ್ಷರು, ಗುರುಗಳು, ಮಠವಾಸಿಗಳು, ಕನ್ಯಾಸ್ತ್ರೀಯರು ಹತರಾದರು. ಇನ್ನೊಂದು ಕಡೆ ಜನರಲ್ ಫ್ರಾಂಕೋ ಅವರ ಪಡೆಗಳು ತಮ್ಮ ವಿರೋಧಿಗಳನ್ನು ಸಾವಿರಾರು ಸಂಖ್ಯೆಯಲ್ಲಿ ಗುಂಡಿಕ್ಕಿ ಕೊಂದವು. 1937ರ ಜುಲೈನಲ್ಲಿ ಸ್ಪೇನಿನ ಧರ್ಮಾಧ್ಯಕ್ಷರಲ್ಲಿ ಬಹುತೇಕರು ಫ್ರಾಂಕೋ ಪಕ್ಷವನ್ನು ಸಮರ್ಥಿಸುವ ಸಾಮೂಹಿಕ ಪತ್ರಕ್ಕೆ ಸಹಿ ಹಾಕಿದರು. ಸಹಿ ಹಾಕದ ಕೆಲವರಲ್ಲಿ ಒಬ್ಬರು ತಾರಾಗೋನಾದ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ವಿದಾಲ್ ಇ ಬರಾಕೆರ್. ಕಸಾಲ್ಸ್ ಅವರ ವೆಂದ್ರೆಲ್ ಇರುವುದು ಆ ತಾರಾಗೋನಾ ಜಿಲ್ಲೆಯಲ್ಲಿಯೇ. ಅವರ ಸಹಾಯಕ ಧರ್ಮಾಧ್ಯಕ್ಷರನ್ನು ಉಗ್ರವಾದಿಗಳು ಕೊಂದಿದ್ದರು, ಅವರನ್ನೂ ಬಂಧಿಸಿದ್ದರು, ಕತಲೋನಿಯಾ ಸರ್ಕಾರ ಬಿಡಿಸಿ ಹೊರನಾಡಿಗೆ ಕಳುಹಿಸಿದ್ದರಿಂದ ಜೀವ ಉಳಿಯಿತು. ಇಷ್ಟೆಲ್ಲ ಅನುಭವಿಸಿದ ಮೇಲೂ ಅವರು ಯುದ್ಧದ ಒಂದು ಪಕ್ಷಕ್ಕೆ ಧರ್ಮಸಭೆಯ ಮುದ್ರೆ ಒತ್ತಲು ನಿರಾಕರಿಸಿದರು. ಫ್ರಾಂಕೋ ಅವರನ್ನು ದೇಶಕ್ಕೆ ಮರಳಗೊಡಲಿಲ್ಲ. 1943ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅವರು ತೀರಿಕೊಂಡರು. ಕಸಾಲ್ಸ್ ಅವರ ನಿಲುವನ್ನು ಅರಿಯಲು ಈ ಕಾರ್ಡಿನಲರ ನೆನಪು ನಮಗೆ ನೆರವಾಗುತ್ತದೆ. ಆ ಕಾಲದಲ್ಲಿ ಎರಡು ಕಡೆಯ ರಕ್ತಪಾತವನ್ನೂ ಕಂಡು ನಡುಗಿದವರಿದ್ದರು. ಅಂಥವರಿಗೆ ತಾಯ್ನಾಡಿನಲ್ಲಿ ಜಾಗವಿರಲಿಲ್ಲ.

ಕಸಾಲ್ಸ್ ತಮ್ಮ ಜನರ ಸರ್ಕಾರದ ಪಕ್ಷದಲ್ಲಿ ನಿಂತರು. ಕೊಲೆಗಳನ್ನು ಅವರು ಒಪ್ಪಲಿಲ್ಲ. ಯುದ್ಧದುದ್ದಕ್ಕೂ ಹೊರದೇಶಗಳಲ್ಲಿ ನುಡಿಸಿ ಬಂದ ಹಣವನ್ನು ಅನ್ನ, ಬಟ್ಟೆ, ಔಷಧಿಗಾಗಿ ಕಳುಹಿಸಿದರು. ಬಾಖ್ ಅವರ ಆ ಆರು ಕೃತಿಮಾಲೆಗಳನ್ನು ಅವರು ಧ್ವನಿಮುದ್ರಿಸಿದ್ದೂ ಈ ವರ್ಷಗಳಲ್ಲಿಯೇ. 1936ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಆರಂಭವಾದ ಕೆಲಸ 1939ರಲ್ಲಿ ಪ್ಯಾರಿಸ್‌ನಲ್ಲಿ ಮುಗಿಯಿತು. ಇಂದಿಗೂ ಜನ ಹುಡುಕಿ ಕೇಳುವ ಆ ಧ್ವನಿಮುದ್ರಣದ ಹಿಂದೆ ತವರು ಉರಿಯುತ್ತಿದ್ದವನೊಬ್ಬನ ಉಸಿರಿದೆ. 1938ರ ಅಕ್ಟೋಬರಿನಲ್ಲಿ ಮಕ್ಕಳ ನೆರವಿಗಾಗಿ ಬಾರ್ಸಿಲೋನಾದಲ್ಲಿ ನುಡಿಸಿದ್ದೇ ಅಲ್ಲಿನ ಅವರ ಕೊನೆಯ ಕಛೇರಿ.

ಮೌನದ ವರ್ಷಗಳು

1939ರ ಆರಂಭದಲ್ಲಿ ಬಾರ್ಸಿಲೋನಾ ಫ್ರಾಂಕೋ ವಶವಾದಾಗ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಚಳಿಗಾಲದ ಪಿರಿನೀಸ್ ಬೆಟ್ಟಗಳನ್ನು ದಾಟಿ ಫ್ರಾನ್ಸಿಗೆ ಓಡಿಬಂದರು. ಅವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ, ಕೆಲವೆಡೆ ಬರಿಯ ಮರಳಿನ ಮೇಲೆ ಇರಿಸಲಾಯಿತು. ಕಸಾಲ್ಸ್ ಗಡಿಯ ಸಮೀಪದ ಪ್ರಾದ್ ಎಂಬ ಊರಿನಲ್ಲಿ ನೆಲೆನಿಂತರು. ಶಿಬಿರಗಳಿಗೆ ಹೋಗಿ ಬರುವುದು, ಜಗತ್ತಿನ ಸ್ನೇಹಿತರಿಗೆ ಸಹಾಯಕ್ಕಾಗಿ ಪತ್ರ ಬರೆಯುವುದು, ಬಂದ ಹಣವನ್ನೂ ಬಟ್ಟೆಯನ್ನೂ ಹಂಚುವುದು: ಇದೇ ಅವರ ದಿನಚರಿಯಾಯಿತು. ಅರವತ್ತು ದಾಟಿದ ಲೋಕಪ್ರಸಿದ್ಧ ವಾದಕರು ದಿನಕ್ಕೆ ಹತ್ತಾರು ಪತ್ರಗಳನ್ನು ಕೈಯಿಂದಲೇ ಬರೆಯುತ್ತ ಕುಳಿತದ್ದನ್ನು ಊಹಿಸಿಕೊಳ್ಳಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಅಧಿಕಾರಿಗಳು ಅವರ ಮನೆ ಬಾಗಿಲಿಗೆ ಬಂದು ಬರ್ಲಿನ್ನಿನಲ್ಲಿ ನುಡಿಸಬೇಕೆಂದು ಆಹ್ವಾನಿಸಿದರು. ಯೆಹೂದ್ಯರನ್ನು ಪೀಡಿಸುವ ಆಳ್ವಿಕೆಯ ನಾಡಿನಲ್ಲಿ ನುಡಿಸಲಾರೆನೆಂದು 1933ರಲ್ಲಿಯೇ ನಿಶ್ಚಯಿಸಿದ್ದ ಕಸಾಲ್ಸ್ ಈಗಲೂ ಒಪ್ಪಲಿಲ್ಲ.

1945ರಲ್ಲಿ ಯುದ್ಧ ಮುಗಿಯಿತು. ಹಿಟ್ಲರ್ ಮತ್ತು ಮುಸೊಲಿನಿ ಬಿದ್ದ ಮೇಲೆ, ಅವರ ನೆರವಿನಿಂದ ಗೆದ್ದ ಫ್ರಾಂಕೋ ಕೂಡ ಹೋಗುವುದು ಖಂಡಿತವೆಂದು ನಿರಾಶ್ರಿತರು ನಂಬಿದ್ದರು. ಕಸಾಲ್ಸ್ ಇಂಗ್ಲೆಂಡಿಗೆ ಹೋಗಿ ಕಿಕ್ಕಿರಿದ ಸಭೆಗಳಲ್ಲಿ ನುಡಿಸಿದರು. ಆದರೆ ಗೆದ್ದ ರಾಷ್ಟ್ರಗಳಿಗೆ ಫ್ರಾಂಕೋ ಅವರನ್ನು ಇಳಿಸುವ ಇಚ್ಛೆಯಿಲ್ಲವೆಂಬುದು ಕೆಲವೇ ತಿಂಗಳಲ್ಲಿ ಸ್ಪಷ್ಟವಾಯಿತು. ಕಸಾಲ್ಸ್ ಉಳಿದ ಕಛೇರಿಗಳನ್ನು ರದ್ದು ಮಾಡಿದರು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳು ಕೊಡಮಾಡಿದ ಗೌರವ ಪದವಿಗಳನ್ನು ನಿರಾಕರಿಸಿದರು. ತಮ್ಮ ಜನರನ್ನು ಕೈಬಿಟ್ಟು ಫ್ರಾಂಕೋ ಆಳ್ವಿಕೆಯನ್ನು ಮಾನ್ಯ ಮಾಡುವ ದೇಶಗಳಲ್ಲಿ ಇನ್ನು ನುಡಿಸುವುದಿಲ್ಲವೆಂದು ಸಾರಿ ಪ್ರಾದ್‌ಗೆ ಮರಳಿದರು. ಆಗ ಅವರಿಗೆ ಅರವತ್ತೆಂಟು ವರ್ಷ. ಅಮೆರಿಕದಿಂದ ಬಂದ ಭಾರೀ ಹಣದ ಆಹ್ವಾನಗಳೂ ಅವರನ್ನು ಕದಲಿಸಲಿಲ್ಲ.

ಇಲ್ಲಿ ನಿಮ್ಮಲ್ಲಿ ಕೆಲವರು ಕೇಳಬಹುದು: ಲಂಡನ್ನಿನ ಸಂಗೀತಪ್ರಿಯರು ಮಾಡಿದ ತಪ್ಪೇನು? ದೇವರು ಕೊಟ್ಟ ವರವನ್ನು ಮುಚ್ಚಿಡುವುದು ತಲೆಂತನ್ನು ಮಣ್ಣಿನಲ್ಲಿ ಹೂತಿಟ್ಟವನ ಕೆಲಸವಾಗದೇ? ಪ್ರಶ್ನೆ ನ್ಯಾಯವಾದುದೇ. ಕಸಾಲ್ಸ್ ಅವರ ಗೆಳೆಯರೂ ಇದನ್ನು ಕೇಳಿದ್ದರು. ತಮ್ಮ ಬಳಿ ಇರುವ ಆಯುಧಗಳು ಚೆಲ್ಲೋ ಮತ್ತು ನಿರ್ದೇಶಕನ ಕೋಲು ಮಾತ್ರ, ಅವು ಹಿರಿದಾದ ಆಯುಧಗಳಲ್ಲದಿದ್ದರೂ ಬೇರಾವುದೂ ತಮ್ಮಲ್ಲಿಲ್ಲ ಎಂಬುದು ಅವರ ಉತ್ತರದ ಸಾರ. ತಲೆಂತನ್ನು ಹೂತಿಟ್ಟವನು ಭಯದಿಂದ ಹೂತಿಟ್ಟ, ತನ್ನ ಸುರಕ್ಷೆಗಾಗಿ ಹೂತಿಟ್ಟ. ಕಸಾಲ್ಸ್ ಕಳೆದುಕೊಂಡದ್ದು ತಮ್ಮದನ್ನು: ತಮ್ಮ ಗಳಿಕೆ, ತಮ್ಮ ಶ್ರೋತೃಗಳು, ಮುಪ್ಪು ಮುಸುಕುವ ಮುನ್ನ ಉಳಿದಿದ್ದ ಕೆಲವೇ ವರ್ಷಗಳ ಕೈಬಲ. ಮನೆಯೊಳಗೆ ಅಭ್ಯಾಸ ನಿಲ್ಲಲಿಲ್ಲ. ಪ್ರತಿದಿನ ಬೆಳಗ್ಗೆ ಪಿಯಾನೋ ಮುಂದೆ ಕುಳಿತು ಬಾಖ್ ಅವರ ಕೃತಿಗಳನ್ನು ನುಡಿಸಿ, ಮನೆಗೆ ಆಶೀರ್ವಾದ ಬೇಡುವಂತೆ ದಿನವನ್ನು ಆರಂಭಿಸುವುದು ಅವರ ಜೀವಮಾನದ ರೂಢಿ. ಶಿಷ್ಯರು ಬರುತ್ತಿದ್ದರು, ಕಲಿಯುತ್ತಿದ್ದರು.

ಲೋಕವೇ ಬೆಟ್ಟದೂರಿಗೆ ಬಂದದ್ದು

1950ರಲ್ಲಿ ಬಾಖ್ ತೀರಿಕೊಂಡು ಇನ್ನೂರು ವರ್ಷ ತುಂಬಿತು. ಪಿಟೀಲು ವಾದಕ ಅಲೆಕ್ಸಾಂಡರ್ ಶ್ನೈಡರ್ ಒಂದು ಉಪಾಯ ಹೂಡಿದರು. ನೀವು ಲೋಕಕ್ಕೆ ಹೋಗದಿದ್ದರೆ ಬೇಡ, ಬಾಖ್‌ಗಾಗಿ ಲೋಕವೇ ನಿಮ್ಮಲ್ಲಿಗೆ ಬರಲಿ ಎಂದು ಒಡಂಬಡಿಸಿದರು. ಆ ಜೂನ್ ತಿಂಗಳಲ್ಲಿ ರುಡಾಲ್ಫ್ ಸರ್ಕಿನ್, ಐಸಾಕ್ ಸ್ಟರ್ನ್, ಯೋಸೆಫ್ ಸಿಗೆಟಿ, ಕ್ಲಾರಾ ಹಸ್ಕಿಲ್ ಮುಂತಾದ ದೊಡ್ಡ ಕಲಾವಿದರು ಪ್ರಾದ್‌ಗೆ ಬಂದಿಳಿದರು. ಸಂಗೀತೋತ್ಸವ ನಡೆದದ್ದು ಊರಿನ ಸಂತ ಪೇತ್ರರ ದೇವಾಲಯದಲ್ಲಿ. ಕಸಾಲ್ಸ್ ಮತ್ತೆ ಕಮಾನು ಹಿಡಿದರು, ವಾದ್ಯವೃಂದವನ್ನೂ ನಿರ್ದೇಶಿಸಿದರು. ಶಪಥ ಮುರಿಯಲಿಲ್ಲ, ಅವರು ಊರು ಬಿಟ್ಟು ಹೋಗಲಿಲ್ಲ. ಪ್ರತಿ ಉತ್ಸವದಲ್ಲಿ ಕೊನೆಗೆ ಅವರು ನುಡಿಸುತ್ತಿದ್ದುದು ಹಕ್ಕಿಗಳ ಹಾಡು ಎಂಬ ಕತಲಾನ್ ಕ್ರಿಸ್ಮಸ್ ಗೀತೆಯನ್ನು. ಯೇಸುಕಂದನ ಜನನವನ್ನು ಕಂಡು ಬಗೆಬಗೆಯ ಹಕ್ಕಿಗಳು ಹಾಡಿದವೆಂಬ ಈ ಜನಪದ ಗೀತೆ ನಿರಾಶ್ರಿತರಿಗೆ ತವರಿನ ನೆನಪಾಗಿತ್ತು.

ಇತ್ತ ಲೋಕ ಬೇರೆ ದಾರಿ ಹಿಡಿದಿತ್ತು. 1953ರಲ್ಲಿ ಫ್ರಾಂಕೋ ಸರ್ಕಾರ ಆಗಸ್ಟಿನಲ್ಲಿ ವ್ಯಾಟಿಕನ್‌ನೊಡನೆ, ಸೆಪ್ಟೆಂಬರಿನಲ್ಲಿ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. 1955ರಲ್ಲಿ ಸ್ಪೇನ್ ವಿಶ್ವಸಂಸ್ಥೆಯ ಸದಸ್ಯರಾಷ್ಟ್ರವಾಯಿತು. ಕಸಾಲ್ಸ್ ಅವರ ಮೌನ ಸೋತಿತೆಂದು ಯಾರಾದರೂ ಹೇಳಿದ್ದರೆ ಆಗ ಅಲ್ಲಗಳೆಯುವುದು ಕಷ್ಟವಿತ್ತು.

ಆ ವರ್ಷಗಳಲ್ಲಿಯೇ ನಡೆದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹಳೆಯ ಗೆಳೆಯ ಆಲ್ಫ್ರೆಡ್ ಕೊರ್ತೊ ಯುದ್ಧಕಾಲದಲ್ಲಿ ನಾಜಿಗಳಿಗೆ ಶರಣಾದ ಫ್ರೆಂಚ್ ಸರ್ಕಾರದಲ್ಲಿ ಹುದ್ದೆ ವಹಿಸಿದ್ದರು, ಜರ್ಮನಿಗೂ ಹೋಗಿ ನುಡಿಸಿದ್ದರು. ಯುದ್ಧ ಮುಗಿದ ಮೇಲೆ ಅವರು ಕಸಾಲ್ಸ್ ಅವರನ್ನು ಕಾಣಲು ಬಂದು ತಪ್ಪೊಪ್ಪಿಕೊಂಡರು. ಆ ಗಳಿಗೆಯಲ್ಲಿ ಕಸಾಲ್ಸ್ ಹಿಂದಿನ ಸ್ನೇಹಕ್ಕೆ ಮರಳಲಾರದೆ ಹೋದರು. ವರ್ಷಗಳು ಉರುಳಿದವು. 1958ರಲ್ಲಿ ಅದೇ ಪ್ರಾದ್ ಉತ್ಸವದಲ್ಲಿ, ಎಂಬತ್ತು ದಾಟಿದ ಆ ಇಬ್ಬರೂ ಒಂದೇ ವೇದಿಕೆಯಲ್ಲಿ ಕುಳಿತು ನುಡಿಸಿದರು. ಸರ್ವಾಧಿಕಾರಿಗೆ ಬಾಗದ ವ್ಯಕ್ತಿ ಗೆಳೆಯನ ಪಶ್ಚಾತ್ತಾಪಕ್ಕೆ ಬಾಗಿದರು. ಅನ್ಯಾಯವನ್ನು ನಿರಾಕರಿಸುವುದೂ ಅನ್ಯಾಯ ಮಾಡಿದವನನ್ನು ಕ್ಷಮಿಸುವುದೂ ಒಂದೇ ಹೃದಯದಲ್ಲಿ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಗೋದಲಿಯ ಗಾನ

1950ರ ದಶಕದ ನಡುವೆ ಕಸಾಲ್ಸ್ ತಾಯಿಯ ಹುಟ್ಟೂರನ್ನು ಅರಸಿ ಪೋರ್ಟೊ ರಿಕೊಗೆ ಹೋದರು; ಅಲ್ಲಿಯೇ ನೆಲೆಸಿದರು. 1957ರಲ್ಲಿ ತಾಲೀಮಿನ ವೇಳೆ ಹೃದಯಾಘಾತವಾಯಿತು, ಚೇತರಿಸಿಕೊಂಡರು. ಆ ದ್ವೀಪದಲ್ಲಿ ಅವರ ಆಸರೆಯಿಂದ ಸಂಗೀತೋತ್ಸವ, ವಾದ್ಯವೃಂದ, ಸಂಗೀತ ಮಹಾವಿದ್ಯಾಲಯ ಒಂದರ ಹಿಂದೊಂದು ಹುಟ್ಟಿಕೊಂಡವು. ಬಾರ್ಸಿಲೋನಾದಲ್ಲಿ ಕಳೆದುಕೊಂಡದ್ದನ್ನು ಇಳಿವಯಸ್ಸಿನಲ್ಲಿ ಬೇರೊಂದು ಜನರಿಗಾಗಿ ಮತ್ತೆ ಕಟ್ಟಿದರು.

1961ರ ನವೆಂಬರ್ 13ರಂದು ಅಧ್ಯಕ್ಷ ಜಾನ್ ಕೆನಡಿ ಅವರ ಆಹ್ವಾನದ ಮೇರೆಗೆ ಕಸಾಲ್ಸ್ ಶ್ವೇತಭವನದಲ್ಲಿ ನುಡಿಸಿದರು. ಫ್ರಾಂಕೋ ಸರ್ಕಾರವನ್ನು ಮಾನ್ಯ ಮಾಡಿದ ದೇಶದಲ್ಲಿ ಅವರು ಹೀಗೆ ನುಡಿಸಬಹುದೇ ಎಂದು ಟೀಕಿಸಿದವರಿದ್ದರು. ತಮ್ಮ ನಿಲುವು ಬದಲಾಗಿಲ್ಲವೆಂದೂ, ಶಾಂತಿ ಸ್ವಾತಂತ್ರ್ಯಗಳ ವಿಷಯದಲ್ಲಿ ಕೆನಡಿಯವರ ಮೇಲಿನ ಭರವಸೆಯಿಂದ ಬಂದೆನೆಂದೂ ಅವರು ತಿಳಿಸಿದ್ದರು. ಟೀಕೆಯಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಆದರೆ ಪ್ರತಿಜ್ಞೆ ಅವರಿಗೆ ವಿಗ್ರಹವಾಗಿರಲಿಲ್ಲ. ಮೌನ ಕೇಳಿಸಬೇಕಾದವರಿಗೆ ಕೇಳಿಸಿದೆಯೆಂದು ತೋರಿದಾಗ, ಇನ್ನು ಮಾತಾಡುವ ಹೊತ್ತು ಬಂತೆಂದು ಅವರು ಬಗೆದರು.

ಆ ಮಾತೇ ಗೋದಲಿ ಎಂಬ ಹೆಸರಿನ ಮಹಾಗೀತ. ಪ್ರಾದ್‌ನಲ್ಲಿ ಅವರೊಡನೆ ದೇಶಭ್ರಷ್ಟ ಜೀವನ ನಡೆಸಿದ ಕವಿ ಜೋಆನ್ ಆಲವೆದ್ರಾ ತಮ್ಮ ಪುಟ್ಟ ಮಗಳಿಗಾಗಿ ಬರೆದ ಕ್ರಿಸ್ತಜನನದ ಕವನ ಅದು. ಯುದ್ಧದ ಕತ್ತಲಲ್ಲಿ, 1943ರಲ್ಲಿ, ಕಸಾಲ್ಸ್ ಅದಕ್ಕೆ ಸಂಗೀತ ಸಂಯೋಜಿಸತೊಡಗಿದ್ದರು. 1960ರ ಡಿಸೆಂಬರಿನಲ್ಲಿ ಮೆಕ್ಸಿಕೋದ ಅಕಪುಲ್ಕೊ ನಗರದಲ್ಲಿ ಅದು ಮೊದಲ ಬಾರಿಗೆ ಕೇಳಿಬಂತು. 1962ರಿಂದ ಆ ವೃದ್ಧರು ಅದನ್ನೇ ಶಾಂತಿಯಾತ್ರೆಯಾಗಿ ಮಾಡಿಕೊಂಡು ಖಂಡಖಂಡಗಳಲ್ಲಿ ನಿರ್ದೇಶಿಸುತ್ತ ನಡೆದರು. ಕಮಾನು ಹಿಡಿಯುವ ಬೆರಳುಗಳು ದಣಿದರೂ ಕೋಲು ಹಿಡಿದ ಕೈ ದಣಿಯಲಿಲ್ಲ. ತನ್ನೊಬ್ಬನ ಸ್ವರ ಕುಗ್ಗಿದಾಗ ನೂರು ಜನರ ಸ್ವರವನ್ನು ಎಬ್ಬಿಸುವ ವರ ನಿರ್ದೇಶಕನಿಗಿದೆ.

1971ರ ಅಕ್ಟೋಬರ್ 24ರಂದು, ಇನ್ನೆರಡು ತಿಂಗಳಿಗೆ ತೊಂಬತ್ತೈದು ತುಂಬಲಿದ್ದ ಕಸಾಲ್ಸ್ ವಿಶ್ವಸಂಸ್ಥೆಯಲ್ಲಿ ತಾವು ರಚಿಸಿದ ಶಾಂತಿಗೀತೆಯನ್ನು ನಿರ್ದೇಶಿಸಿದರು. ಮಹಾಕಾರ್ಯದರ್ಶಿ ಊ ಥಾಂಟ್ ಅವರಿಗೆ ಶಾಂತಿಪದಕ ನೀಡಿದರು. ಬಳಿಕ ಚೆಲ್ಲೋ ತರಿಸಿಕೊಂಡು ಹಕ್ಕಿಗಳ ಹಾಡನ್ನು ನುಡಿಸಿದರು. ನುಡಿಸುವ ಮೊದಲು, ತಮ್ಮ ನಾಡಿನ ಹಕ್ಕಿಗಳು ಆಕಾಶದಲ್ಲಿ ಹಾಡುವುದು ಶಾಂತಿಯನ್ನೇ ಎಂದು ನಡುಗುವ ದನಿಯಲ್ಲಿ ಹೇಳಿದರು. ಅವರ ಭಾಷೆಯಲ್ಲಿ ಆ ಪದ ಅವರ ಹೆಸರೇ ಆಗಿತ್ತೆಂಬುದನ್ನು ನೆನೆಯಿರಿ.

1973ರ ಅಕ್ಟೋಬರ್ 22ರಂದು ಪೋರ್ಟೊ ರಿಕೊದಲ್ಲಿ ಅವರು ತೀರಿಕೊಂಡರು. ಫ್ರಾಂಕೋ ಇನ್ನೂ ಎರಡು ವರ್ಷ ಆಳಿ 1975ರ ನವೆಂಬರಿನಲ್ಲಿ ಸತ್ತರು. ಕಸಾಲ್ಸ್ ಅವರ ಮೌನ ಸರ್ವಾಧಿಕಾರಿಯನ್ನು ಒಂದು ದಿನ ಮುಂಚೆಯೂ ಇಳಿಸಲಿಲ್ಲ; ಇದನ್ನು ಒಪ್ಪಿಕೊಳ್ಳಲೇಬೇಕು. ಹಾಗಾದರೆ ಅದು ಮಾಡಿದ್ದೇನು? ಎಲ್ಲರೂ ಮರೆಯಲು ಬಯಸಿದ್ದ ಸಂಗತಿಯೊಂದನ್ನು ಮೂವತ್ತು ವರ್ಷಗಳ ಕಾಲ ಮರೆಯಗೊಡಲಿಲ್ಲ. ಶಿಬಿರಗಳ ಮರಳಿನಲ್ಲಿ ಕುಳಿತಿದ್ದವರಿಗೆ, ನಮ್ಮನ್ನು ಮಾರಿಕೊಳ್ಳದ ಒಬ್ಬನಾದರೂ ಇದ್ದಾನೆ ಎಂಬ ಧೈರ್ಯ ಕೊಟ್ಟಿತು. ಅನ್ಯಾಯದೊಡನೆ ರಾಜಿಯಾಗುವುದು ಅನಿವಾರ್ಯವೆಂಬ ಮಾತನ್ನು ಒಂದು ಜೀವನದ ಮಟ್ಟಿಗಾದರೂ ಸುಳ್ಳಾಗಿಸಿತು. ಫಲವನ್ನು ಕಾಣದೆಯೂ ಬಿತ್ತುವುದು ಸಾಧ್ಯ. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಸಂಘಗಳಲ್ಲಿ ನಾವು ಎಷ್ಟೋ ಸಲ ಕೇಳಿಕೊಳ್ಳುವುದು, ನಾನೊಬ್ಬ ನಿರಾಕರಿಸಿದರೆ ಏನಾದೀತು ಎಂದು. ಏನಾದೀತೆಂಬುದು ನಮ್ಮ ಕೈಯಲ್ಲಿಲ್ಲ, ನಿರಾಕರಿಸುವುದು ಇದೆ.

1978ರಲ್ಲಿ ಕಾರ್ಡಿನಲ್ ವಿದಾಲ್ ಅವರ ಅವಶೇಷಗಳು ತಾರಾಗೋನಾಕ್ಕೆ ಮರಳಿದವು. ಮರುವರ್ಷ, 1979ರ ನವೆಂಬರಿನಲ್ಲಿ, ಕಸಾಲ್ಸ್ ಅವರ ಅವಶೇಷಗಳನ್ನು ಕಡಲಾಚೆಯಿಂದ ತಂದು ವೆಂದ್ರೆಲ್‌ನ ಸ್ಮಶಾನದಲ್ಲಿ ಹೂಳಿದರು. ನಾಲ್ಕು ದಶಕಗಳ ನಂತರ ಅವರು ಮನೆ ಸೇರಿದರು.

ಓದುಗರೇ, ಮುಂದಿನ ಕ್ರಿಸ್ಮಸ್‌ಗೆ ನಿಮ್ಮ ಮನೆಯಲ್ಲಿ ಗೋದಲಿ ಕಟ್ಟುವ ಸಂಜೆ, ಸಾಧ್ಯವಾದರೆ ಆ ಹಕ್ಕಿಗಳ ಹಾಡನ್ನು ಕಸಾಲ್ಸ್ ಅವರ ವಾದನದಲ್ಲಿ ಮಕ್ಕಳೊಡನೆ ಕುಳಿತು ಕೇಳಿ. ಕೆಲವೇ ನಿಮಿಷಗಳ ರಾಗ. ಆರಂಭದಲ್ಲಿ ಹಕ್ಕಿಯ ಚಿಲಿಪಿಲಿ, ಆಮೇಲೆ ನಿಧಾನವಾದ ಒಂದು ಅಳಲು. ಹಾಡು ಮುಗಿದ ಮೇಲೆ ತಕ್ಷಣ ಎದ್ದುಬಿಡಬೇಡಿ. ಅದರ ನಂತರದ ಮೌನವನ್ನೂ ಸ್ವಲ್ಪ ಹೊತ್ತು ಕೇಳಿ.